ಮಣ್ಣೆತ್ತಿಗೆ ಅಂಕವೆಷ್ಟು?



ಕಲಾವಿಮರ್ಶೆಯೆಂದರೆ ದೊಡ್ಡವರು ಮಾಡಿದ ದೊಡ್ಡ ಕೃತಿಗಳನ್ನು ಕುರಿತು ದೊಡ್ಡ ಮಾತುಗಳನ್ನಾಡುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಕ್ಕಳು ಬಯಲಿನಲ್ಲಿ ಕುಳಿತು ಮಣ್ಣು, ಕಲ್ಲು, ಎಲೆ, ದಂಟುಗಳಿಂದ ಮಾಡುವ ವಸ್ತುಗಳನ್ನು ನಾವು ಆಟವೆಂದು ಕರೆದು ಸುಮ್ಮನಾಗುತ್ತೇವೆ. ಇಲ್ಲವೆ, ಶಾಲೆಯ ವಾರ್ಷಿಕೋತ್ಸವ ಬಂದಾಗ ಅವಕ್ಕೊಂದು ಮೇಜು ಹಾಕಿ, ಬಿಳಿಯ ಬಟ್ಟೆ ಹಾಸಿ, ಅಂಕ ಕೊಟ್ಟು ಬಹುಮಾನ ಹಂಚುತ್ತೇವೆ. ಮೊದಲನೆಯದು ಉದಾಸೀನ, ಎರಡನೆಯದು ಉತ್ಸಾಹ. ಆದರೆ ಎರಡರಲ್ಲಿಯೂ ಒಂದು ಕೊರತೆ ಸಮಾನವಾಗಿದೆ: ಮಗು ಮಾಡಿದ್ದನ್ನು ನಾವು ನೋಡುವುದೇ ಇಲ್ಲ. ಈ ಮಾತನ್ನು ಅನ್ಯರ ಮೇಲೆ ಹೊರಿಸಿ ಹೇಳುತ್ತಿಲ್ಲ. ನೋಡದೆ ಅಂಕ ಕೊಟ್ಟವರಲ್ಲಿ ಈ ಲೇಖಕನೂ ಒಬ್ಬ. ಆ ಪ್ರಸಂಗವನ್ನು ಮೊದಲು ತಮ್ಮಲ್ಲಿ ನಿವೇದಿಸಿಕೊಂಡು ಅನಂತರ ವಿಚಾರಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಒಂದು ಊರಿನ ಶಾಲೆಯಲ್ಲಿ ‘ನಿಸರ್ಗದ ವಸ್ತುಗಳಿಂದ ಕಲೆ’ ಎಂಬ ಸ್ಪರ್ಧೆ ಏರ್ಪಟ್ಟಿತ್ತು. ತೀರ್ಪುಗಾರರ ಆಸನದಲ್ಲಿ ನನ್ನನ್ನು ಕೂಡಿಸಿದ್ದರು. ಅಂಗಳದ ಬೇವಿನ ಮರದ ಕೆಳಗೆ ಮೂವತ್ತು ನಾಲ್ವತ್ತು ಕೃತಿಗಳು ಸಾಲಾಗಿದ್ದವು. ಚೆಂಡುಹೂವಿನ ಎಸಳುಗಳನ್ನು ಥರ್ಮಾಕೋಲಿನ ಹಲಗೆಯ ಮೇಲೆ ಅಂಟಿಸಿ ಮಾಡಿದ ನವಿಲೊಂದು ಎಲ್ಲರ ಕಣ್ಣು ಸೆಳೆಯುತ್ತಿತ್ತು. ಅದರ ಬದಿಗೆ ಕಪ್ಪು ಮಣ್ಣಿನ ಒಂದು ಎತ್ತು. ಅದರ ಮೋರೆಗೆ ಇದ್ದಿಲು ತಿಕ್ಕಿತ್ತು, ಮೈಗೆ ಸುಣ್ಣ ಬಳಿದಿತ್ತು. ಒಂದು ಮುಂಗಾಲು ಕಾಣುತ್ತಿರಲಿಲ್ಲ. ಮೈ ಒಂದು ಕಡೆಗೆ ವಾಲಿತ್ತು. ಬೆನ್ನಿನ ಮೇಲೆ ಸಣ್ಣದೊಂದು ಬಿರುಕು. ಎತ್ತಿನ ಕಾಲು ಮುರಿದಿದೆಯೆಂದು ಮಾಡಿದ ಹುಡುಗನಿಗೆ ಹೇಳಿ, ಇಪ್ಪತ್ತೈದಕ್ಕೆ ಒಂಬತ್ತು ಅಂಕ ಬರೆದೆ. ಹುಡುಗ ನೆಲ ನೋಡುತ್ತ, “ಮುರ್ದಿಲ್ರಿ, ಕುಂತದ” ಎಂದ. ಆ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ನವಿಲಿಗೆ ಪ್ರಥಮ ಬಹುಮಾನ ಕೊಟ್ಟು, ಶಾಲು ಹೊದೆಸಿಕೊಂಡು, ಸಂಜೆ ಹೊರಟೆ.

ಊರ ಹೊರಗಿನ ಹೊಲದ ಬದುವಿನಲ್ಲಿ ಒಂದು ಎತ್ತು ಮಲಗಿ ಮೆಲುಕು ಹಾಕುತ್ತಿತ್ತು. ಬಿಳಿಯ ಮೈ, ಕಪ್ಪು ಮೋರೆ. ಒಂದು ಮುಂಗಾಲನ್ನು ಎದೆಯ ಕೆಳಗೆ ಪೂರ್ತಿ ಮಡಚಿ, ಭಾರವನ್ನೆಲ್ಲ ಒಂದು ಮಗ್ಗುಲಿಗೆ ಹಾಕಿ ಕುಳಿತ ಭಂಗಿ. ಆಗ ತಿಳಿಯಿತು. ಹುಡುಗನು ಮಾಡಿದ್ದು ಮುರಿದ ಎತ್ತಾಗಿರಲಿಲ್ಲ. ಗಡಿಯಾಚೆಯ ದೇವಣಿಯ ಹೆಸರು ಹೊತ್ತು ನಮ್ಮ ಭಾಲ್ಕಿ, ಔರಾದಗಳ ಹೊಲಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿರುವ ತಳಿಯಲ್ಲಿ ಮೂರು ಬಗೆಗಳಿವೆ: ಮೈಯೆಲ್ಲ ಬಿಳಿಯಾದ ಬಾಲಂಕ್ಯ, ಮೋರೆ ಕಪ್ಪಾದ ವನ್ನೇರಾ, ಮೈಮೇಲೆ ಕಪ್ಪು ಮಚ್ಚೆಗಳಿರುವ ಶೇವೇರಾ. ಪಶುವೈದ್ಯರ ಪುಸ್ತಕದಲ್ಲಿರುವ ಈ ಭೇದವನ್ನು ಆ ಹುಡುಗ ಇದ್ದಿಲಿನ ಒಂದು ತುಂಡಿನಿಂದ ಸ್ಪಷ್ಟವಾಗಿ ಬರೆದು ತೋರಿಸಿದ್ದ. ದಣಿದ ಪ್ರಾಣಿಯ ವಿಶ್ರಾಂತಿಯನ್ನು ಮಣ್ಣಿನಲ್ಲಿ ಹಿಡಿದಿದ್ದ. ಶಾಲು ಹೊದ್ದ ನಾನು ಅದನ್ನು ಅಂಗವೈಕಲ್ಯವೆಂದು ತೀರ್ಪಿತ್ತಿದ್ದೆ. ಬಂಧುಗಳೇ, ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೇ ಈ ಲೇಖನದ ವಿಷಯ: ಮಕ್ಕಳ ಬಯಲ ಕಲೆಯನ್ನು ಅಳೆಯುವ ಸರಿಯಾದ ಮಾನದಂಡ ಯಾವುದು?

ಮೊದಲು ಬಹುಮಾನ ಪಡೆದ ನವಿಲಿನ ವಿಚಾರವನ್ನೇ ನೋಡೋಣ. ಅದರಲ್ಲಿ ಅಂದವಿತ್ತು, ಅಚ್ಚುಕಟ್ಟಿತ್ತು; ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ನಿಸರ್ಗವು ಬರೀ ಬಣ್ಣದ ಡಬ್ಬಿಯಾಗಿತ್ತು. ಹಳದಿ ಬೇಕಾಗಿದ್ದಲ್ಲಿ ಹಳದಿ ಹೂವು, ಹಸಿರು ಬೇಕಾಗಿದ್ದಲ್ಲಿ ಎಲೆ. ಹೂವಿನ ಬದಲು ಬಣ್ಣದ ಕಾಗದ ಹಚ್ಚಿದ್ದರೂ ಕೃತಿಗೆ ನಷ್ಟವಿರಲಿಲ್ಲ. ಅರಳಿದ ಹೂಗಳನ್ನು ಬುಟ್ಟಿಗಟ್ಟಲೆ ಕಿತ್ತು, ಮಣ್ಣಿನಲ್ಲಿ ಎಂದೂ ಕರಗದ ಥರ್ಮಾಕೋಲಿಗೆ ಅಂಟಿಸಿದಾಗ ನಿಸರ್ಗದಿಂದ ಮಗು ಕಲಿತದ್ದೇನು? ಬೇಸಗೆಯ ಶಿಬಿರಗಳಲ್ಲಿ, ಪಟ್ಟಣದ ಶಾಲೆಗಳ ಪ್ರದರ್ಶನಗಳಲ್ಲಿ ಇಂದು ‘ನಿಸರ್ಗ ಕಲೆ’ ಎಂಬ ಹೆಸರಿನಲ್ಲಿ ನಡೆಯುವ ಬಹುಭಾಗ ಈ ಜಾತಿಯದು. ಒಂದೇ ಮಾದರಿಯನ್ನು ಗುರುಗಳು ಕರಿಹಲಗೆಯ ಮೇಲೆ ಬರೆಯುತ್ತಾರೆ. ಅರವತ್ತು ಮಕ್ಕಳು ಅರವತ್ತು ಒಂದೇ ಬಗೆಯ ಎಲೆಯ ಗಿಳಿಗಳನ್ನು ಮಾಡುತ್ತಾರೆ. ಬಯಲಿಗೆ ಹೋಗದೆಯೇ ಬಯಲ ಕಲೆ ಸಿದ್ಧವಾಗುತ್ತದೆ.

ಮಣ್ಣೆತ್ತಿನ ಸಂಗತಿ ಬೇರೆ. ಅದರ ಮಣ್ಣು ಅದರ ಅರ್ಥದ ಒಂದು ಅಂಗ. ಆ ಹುಡುಗ ಎತ್ತನ್ನು ಮಾಡಿದ್ದು ಎತ್ತು ಉಳುವ ಮಣ್ಣಿನಿಂದಲೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಗಡಿಯಾಚೆಯ ಮರಾಠಿ ಊರುಗಳಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ. ಎರಡು ಭಾಷೆಗಳ ನಡುವೆ ಬಾಳುವ ಔರಾದ, ಭಾಲ್ಕಿಗಳ ಜನರಿಗೆ ಎರಡೂ ಪರಿಚಿತವೇ. ಮಳೆ ಬಿದ್ದು ನೆಲ ಮೆದುವಾದ ದಿನಗಳಲ್ಲಿ, ಬಿತ್ತನೆಯ ಕಾಲದಲ್ಲಿ, ಮಕ್ಕಳು ಕೆರೆಯಂಗಳದ ಮಣ್ಣು ತಂದು ಜೋಡೆತ್ತು ಮಾಡುವುದು, ಪೂಜೆಗೊಂಡ ಆ ಎತ್ತು ಮರಳಿ ನೀರಿಗೋ ಹೊಲಕ್ಕೋ ಸೇರುವುದು, ಯಾವ ಶಿಕ್ಷಣತಜ್ಞನೂ ರೂಪಿಸದ ಒಂದು ಪೂರ್ಣ ಪಾಠಕ್ರಮ. ಅದರಲ್ಲಿ ಋತುವಿದೆ, ಸಾಮಗ್ರಿಯಿದೆ, ಅವಲೋಕನವಿದೆ, ವಿಸರ್ಜನೆಯೂ ಇದೆ. ಆದರೆ ಈಗ ಈ ಪಾಠವೂ ಪೇಟೆಗೆ ಬಂದಿದೆ. ಅಚ್ಚಿನಲ್ಲಿ ಒತ್ತಿದ, ಬಣ್ಣ ಹೊಡೆದ ಎತ್ತುಗಳ ಜೋಡಿಯನ್ನು ಸಂತೆಯಲ್ಲಿ ಕೊಂಡು ತಂದು ಜಗುಲಿಯ ಮೇಲಿಟ್ಟರೆ ಹಬ್ಬ ಮುಗಿಯಿತು. ಆದ್ದರಿಂದ ‘ನಮ್ಮಲ್ಲಿ ಸಂಪ್ರದಾಯವಿದೆ, ಹೊಸದೇನು ಬೇಕು’ ಎಂದು ನಾವು ಸಮಾಧಾನಪಡುವಂತಿಲ್ಲ.

ಇಲ್ಲಿ ನಮ್ಮ ನಾಡಿನದೇ ಆದ ಒಂದು ಕಾವ್ಯವನ್ನು ನೆನೆಯುವುದು ಉಚಿತ. ಹಂಪೆಯ ಹರಿಹರನು ಬರೆದ ‘ಕುಂಬಾರ ಗುಂಡಯ್ಯನ ರಗಳೆ’ಯನ್ನು ಮಠದಲ್ಲಿ ಓದಿ ಬೆಳೆದವರಾರೂ ಮರೆತಿರಲಾರರು. ಆ ಗುಂಡಯ್ಯ ಬೇರೆಲ್ಲಿಯವನೂ ಅಲ್ಲ. ಅಂದು ಭಲ್ಲುಕೆಯೆನಿಸಿದ್ದ ನಮ್ಮ ಭಾಲ್ಕಿಯವನು. ಗಡಿಗೆ ಮಾಡುವ ಕಾಯಕದ ನಡುವೆ ಗಡಿಗೆಯನ್ನೇ ಬಾರಿಸುತ್ತ ಕುಣಿಯುವ ಕುಂಬಾರ, ಆ ಕುಣಿತಕ್ಕೆ ಮನಸೋತು ತಾನೂ ಕುಣಿಯಲು ಇಳಿದು ಬರುವ ಶಿವ: ಇದು ಆ ರಗಳೆಯ ಕಥೆ. ಭಕ್ತಿಯ ಪರಾಕಾಷ್ಠೆಯೆಂದು ನಾವು ಇದನ್ನು ಓದುತ್ತೇವೆ, ಅದು ಯುಕ್ತವೇ. ಆದರೆ ಕಲೆಯ ದೃಷ್ಟಿಯಿಂದಲೂ ಇದನ್ನೊಮ್ಮೆ ಓದಿ ನೋಡಬೇಕು. ಗಡಿಗೆ ಗಟ್ಟಿಯೋ ಬಿರುಕುಬಿಟ್ಟಿದೆಯೋ ಎಂದು ತಿಳಿಯಲು ಬೆರಳಿನಿಂದ ಬಡಿದು ನೋಡುವುದು ಎಲ್ಲ ಕುಂಬಾರರ ವಾಡಿಕೆ. ಆ ಪರೀಕ್ಷೆಯ ಬಡಿತವೇ ಗುಂಡಯ್ಯನ ಕೈಯಲ್ಲಿ ತಾಳವಾಯಿತೆಂದು ನನಗೆ ತೋರುತ್ತದೆ. ದುಡಿಮೆಯೆಲ್ಲಿ ಮುಗಿಯಿತು, ಆಟವೆಲ್ಲಿ ತೊಡಗಿತು, ಪೂಜೆಯೆಲ್ಲಿ ಸೇರಿತು ಎಂದು ಗೆರೆಯೆಳೆದು ತೋರಿಸಲು ಬರುವುದಿಲ್ಲ. ಮಣ್ಣಿನಲ್ಲಿ ಆಡುವ ಮಗುವಿನ ಸ್ಥಿತಿಯೂ ಇದೇ ಅಲ್ಲವೇ? ಇನ್ನೊಂದು ಮಾತನ್ನೂ ಗಮನಿಸಬೇಕು. ಗುಂಡಯ್ಯನ ಒಂದು ಗಡಿಗೆಯೂ ಇಂದು ಉಳಿದಿಲ್ಲ. ಆತನ ಕುಣಿತವನ್ನು ಮಾತ್ರ ನಾಡು ಮರೆತಿಲ್ಲ. ಸ್ಥಾವರ, ಜಂಗಮಗಳ ವಿವೇಕವನ್ನು ಕಂಡುಕೊಂಡ ನಾವು, ಮಗುವಿನ ಕೃತಿಯನ್ನು ಗಾಜಿನ ಕಪಾಟಿನಲ್ಲಿಡಲು ಹೆಣಗಿ, ಅದನ್ನು ಮಾಡಿದ ಕೈಯ ಚಲನೆಯನ್ನು ಮರೆಯುವುದು ಎಷ್ಟು ಸರಿ?

ಗುಂಡಯ್ಯನ ಸತಿ ಕೇತಲದೇವಿ ಸ್ವತಃ ವಚನಕಾರ್ತಿ. ಮಣ್ಣಿನ ಹದವನ್ನು ಬಾಳಿನ ವ್ರತಕ್ಕೆ ಹೋಲಿಸಿ ನುಡಿದವಳು. ಅವಳಿಗೆ ಹದವೆಂಬುದು ಪುಸ್ತಕದ ಮಾತಾಗಿರಲಿಲ್ಲ. ಕೈಯಲ್ಲಿ ದಿನವೂ ತಿಳಿಯುತ್ತಿದ್ದ ಸತ್ಯವಾಗಿತ್ತು. ನಮ್ಮ ಮಕ್ಕಳ ಕಲೆಗೆ ಮೊದಲ ಮಾನದಂಡವನ್ನು ಈ ದಂಪತಿಗಳಿಂದಲೇ ಪಡೆಯಬಹುದು: ಮಗುವಿನ ಕೈ ತನ್ನ ಮಣ್ಣಿನ ಹದವನ್ನು ಅರಿತಿದೆಯೇ?

ಬೀದರ ಜಿಲ್ಲೆಯಲ್ಲಿ ಈ ಅರಿವಿಗೆ ವಿಶೇಷ ಅವಕಾಶವಿದೆ. ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಔರಾದದ ಕಡೆಗೆ ಇಳಿದರೆ ಎರೆ ಮಣ್ಣು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗುವಷ್ಟು ಸಂದಿ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಮಣ್ಣಿನಿಂದ ಮಾಡಿದ ಎತ್ತಿನ ಬೆನ್ನೂ ಬಿರಿಯುತ್ತದೆ. ನಾನು ಅಂಕ ಕಳೆದ ಬಿರುಕಿನ ಕಾರಣ ಇದು. ಹುಡುಗನ ಅಜ್ಜಿಯನ್ನು ಕೇಳಿದ್ದರೆ ಪರಿಹಾರವನ್ನೂ ಹೇಳುತ್ತಿದ್ದರು: ಸಣ್ಣ ಮರಳು, ಹೊಟ್ಟು ಇಲ್ಲವೆ ಸಗಣಿ ಬೆರೆಸಿ ಚೆನ್ನಾಗಿ ನಾದಬೇಕು, ದಪ್ಪ ಮುದ್ದೆಯಾಗಿ ಬಿಡಬಾರದು, ಬಿಸಿಲಿಗಿಡದೆ ನೆರಳಿನಲ್ಲಿ ಮೆಲ್ಲಗೆ ಒಣಗಿಸಬೇಕು. ಕೆಂಪು ನೆಲದ ಮಗುವಿನ ಸಮಸ್ಯೆ ಬೇರೆ. ಅಲ್ಲಿ ಗರಸು ಹೆಚ್ಚು, ಅಂಟು ಕಡಿಮೆ; ಎತ್ತಿನ ಕೋಡು ನಿಲ್ಲುವುದಿಲ್ಲ. ಆದರೆ ಅದೇ ಗರಸನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದರೆ ಕೆಮ್ಮಣ್ಣಿನ ಬಣ್ಣ ಬರುತ್ತದೆ. ಸುಣ್ಣದ ಬಿಳಿ, ಇದ್ದಿಲಿನ ಕಪ್ಪು, ಕೆಮ್ಮಣ್ಣಿನ ಕೆಂಪು, ಇಷ್ಟರಲ್ಲಿ ಗೋಡೆ ತುಂಬ ಚಿತ್ರ ಬರೆಯಬಹುದು. ಮಾಘ, ಫಾಲ್ಗುನಗಳಲ್ಲಿ ಉದುರಿದ ಮುತ್ತುಗದ ಹೂವನ್ನು ಕುದಿಸಿದರೆ ಕೇಸರಿ ಛಾಯೆಯ ಹಳದಿ ಸಿಗುತ್ತದೆ. ಜೋಳದ ರಾಶಿಯಾದ ಮೇಲೆ ದಂಟಿನ ಸಿಪ್ಪೆ ಸೀಳಿ, ಒಳಗಿನ ಬೆಂಡಿಗೆ ಆ ಸಿಪ್ಪೆಯನ್ನೇ ಮೊಳೆಯಂತೆ ಚುಚ್ಚಿ, ಬಂಡಿ, ನೇಗಿಲು, ಕನ್ನಡಕಗಳನ್ನು ಮಾಡದೆ ಬೆಳೆದ ಹಿರಿಯರು ಈ ಓದುಗರಲ್ಲಿ ಎಷ್ಟು ಮಂದಿ ಇದ್ದಾರು? ಒಂದು ಕಾಸಿನ ಖರ್ಚಿಲ್ಲದ ಈ ಸಾಮಗ್ರಿಯನ್ನು ಬಿಟ್ಟು, ಪಟ್ಟಣದ ಅಂಗಡಿಯಿಂದ ಬಣ್ಣದ ಕೃತಕ ಜೇಡಿಯ ಪೊಟ್ಟಣ ತರುವ ಶಾಲೆಯನ್ನು ಏನೆನ್ನಬೇಕು?

ಎರಡನೆಯ ಮಾನದಂಡ ಕಣ್ಣಿಗೆ ಸಂಬಂಧಿಸಿದ್ದು: ಮಗು ತನ್ನ ಸುತ್ತಣ ಲೋಕವನ್ನು ತಾನೇ ಕಂಡಿದೆಯೇ? ಬೀದರ ನಗರದ ಮಕ್ಕಳನ್ನು ಕೋಟೆಗೆ ಕರೆದೊಯ್ಯುವ ಪದ್ಧತಿಯಿದೆ. ಸಾಲಾಗಿ ನಿಲ್ಲಿಸಿ, ಅರಸರ ಹೆಸರು ಹೇಳಿಸಿ, ಭಾವಚಿತ್ರ ತೆಗೆದು ಹಿಂದಿರುಗಿಸುತ್ತೇವೆ. ಆದರೆ ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ಅದೇ ದಿಣ್ಣೆಯ ಕೆಂಪು ಕಲ್ಲನ್ನು ಕೊರೆದು ಮೂರು ಸಾಲಿನ ಕಂದಕ ಮಾಡಿದರೆಂಬುದನ್ನು, ಅಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವುದು ಈ ಜಂಬಿಟ್ಟಿಗೆಯ ಗುಣವೆಂಬುದನ್ನು ಮಗು ಕೈಯಿಂದ ಮುಟ್ಟಿ ತಿಳಿಯುವುದಿಲ್ಲ. ರಂಗೀನ್ ಮಹಲಿನಲ್ಲಿ ಕರಿಯ ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂಡಿಸಿದ ಕುಸುರಿಯಿದೆ. ಅದನ್ನು ಮಾಡಿಸಿದವನು 1542ರಿಂದ 1580ರವರೆಗೆ ಆಳಿದ ಅಲಿ ಬರೀದ್. ಆ ಹೂಬಳ್ಳಿಗಳು ಕಲ್ಲಿಗೆ ಬರುವ ಮುನ್ನ ಯಾರದೋ ಕಣ್ಣಿಗೆ ತೋಟದಲ್ಲಿ ಬಿದ್ದಿರಬೇಕು.

ಇನ್ನು ಬಿದರಿಯ ಮಾತು. 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಈ ಕಲೆಯ ಹಿರಿಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸತುವಿನೊಡನೆ ಸ್ವಲ್ಪ ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಮೈ ನಯಗೊಳಿಸಿ, ಚಿತ್ತಾರ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿಯನ್ನು ಕೂಡಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಭಾಗದ, ಬಿಸಿಲು ಮಳೆಗಳು ತಾಕದ ಮಣ್ಣನ್ನು ನವಸಾಗರದೊಡನೆ ಕುದಿಸಿ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ; ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಒಗ್ಗುವುದೆಂದು ನಾಲಿಗೆಗೆ ಹಚ್ಚಿ ರುಚಿ ನೋಡಿ ಹೇಳುವ ಕುಶಲಕರ್ಮಿಗಳಿದ್ದಾರೆ. ಜಗತ್ತು ಮೆಚ್ಚಿದ ಈ ಕಲೆಯ ಗುಟ್ಟು ಮಣ್ಣಿನ ಪರಿಚಯದಲ್ಲಿದೆ. ನಮ್ಮ ಮಕ್ಕಳಿಗಾದರೋ ಬಿದರಿಯ ಹೂದಾನಿಯನ್ನು ದೂರದಿಂದ ತೋರಿಸುತ್ತೇವೆ. ಮಣ್ಣು ಮುಟ್ಟಿದರೆ ಕೈ ತೊಳೆಯಲು ಕಳಿಸುತ್ತೇವೆ.

ಮೂರನೆಯ ಮಾನದಂಡ: ಕೃತಿ ತಾನು ಬಂದಲ್ಲಿಗೆ ಮರಳಬಲ್ಲುದೇ? ಇದಕ್ಕೆ ಪರದೇಶದ ಒಂದು ನಿದರ್ಶನ ಕೊಡುತ್ತೇನೆ. 1967ರಲ್ಲಿ ರಿಚರ್ಡ್ ಲಾಂಗ್ ಎಂಬ ತರುಣ ಇಂಗ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ ಹಿಂದೆ ಮುಂದೆ ನಡೆದ. ಹುಲ್ಲು ಮಡಿದು ನೇರವಾದ ಒಂದು ಗೆರೆ ಮೂಡಿತು. ಅದರ ಛಾಯಾಚಿತ್ರ ತೆಗೆದು ಇದೇ ನನ್ನ ಕೃತಿಯೆಂದ. ಹುಲ್ಲು ಮತ್ತೆ ಎದ್ದು ನಿಂತಿತು. ಕೃತಿ ಕಲೆಯ ಇತಿಹಾಸ ಸೇರಿತು. ಓದುಗರಲ್ಲಿ ಕೆಲವರು ನಗಬಹುದು. ಹೊಲದ ನಡುವೆ ಶಾಲೆಗೆ ನಡೆದು ನಮ್ಮ ಮಕ್ಕಳು ಮಾಡುವ ಕಾಲುದಾರಿಗೂ ಇದಕ್ಕೂ ಏನು ಭೇದ? ಭೇದವಿಷ್ಟೆ: ಆತ ತನ್ನ ಗೆರೆಯನ್ನು ನಿಂತು ನೋಡಿದ. ನಮ್ಮ ಮಕ್ಕಳಿಗೆ ನಿಂತು ನೋಡಲು ನಾವು ಬಿಡುವು ಕೊಟ್ಟಿಲ್ಲ.

ಭಾರತದಲ್ಲಿಯೂ ಇಂಥ ನೋಟಕ್ಕೆ ಉಜ್ವಲ ಪರಂಪರೆಯುಂಟು. ರವೀಂದ್ರರು 1901ರಲ್ಲಿ ಶಾಂತಿನಿಕೇತನದ ಮರಗಳ ಕೆಳಗೆ ಶಾಲೆ ತೆರೆದರು. ಅಲ್ಲಿಯೇ ರಾಮಕಿಂಕರ ಬೈಜ್ ಅವರು 1938ರಲ್ಲಿ ಸಿಮೆಂಟಿಗೆ ಸ್ಥಳೀಯ ಕೆಂಪು ಗರಸನ್ನು ಬೆರೆಸಿ, ಊರು ಬಿಟ್ಟು ನಡೆಯುತ್ತಿರುವ ಸಂತಾಲ ಕುಟುಂಬವೊಂದರ ಶಿಲ್ಪವನ್ನು ಬಯಲಿನಲ್ಲಿ ನಿಲ್ಲಿಸಿದರು. ತಲೆಯ ಮೇಲೆ ಬುಟ್ಟಿ ಹೊತ್ತ ತಾಯಿ, ಕಾವಡಿ ಹೊತ್ತ ತಂದೆ, ಕಾವಡಿಯ ಬುಟ್ಟಿಯಲ್ಲಿ ಮಗು, ಜೊತೆಗೊಂದು ನಾಯಿ. ನಮ್ಮ ಬೀದರದ ನೆಲದ ಜಾತಿಯದೇ ಆದ ಕೆಂಪು ಗರಸಿನಿಂದ ಅಂಥ ಕೃತಿ ಹುಟ್ಟಿತೆಂಬುದನ್ನು ನಾವು ಮರೆಯಬಾರದು. ಶಾಂತಿನಿಕೇತನದಲ್ಲಿ ಕಲಿತು, 1944ರಿಂದ ಸೇವಾಗ್ರಾಮದಲ್ಲಿ ಗಾಂಧೀಜಿಯವರ ನಯೀ ತಾಲೀಮಿನ ಮಕ್ಕಳಿಗೆ ಕಲೆಯ ಗುರುಗಳಾದ ದೇವಿಪ್ರಸಾದರು ಸ್ವತಃ ಕುಂಬಾರಿಕೆಯಲ್ಲಿ ನುರಿತವರು. ಶಿಕ್ಷಣದ ತಳಹದಿಯೇ ಕಲೆಯೆಂದು ವಾದಿಸಿದವರು. ನಮ್ಮ ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಬಯಲು, ಮರ, ಆಟ, ಕುಣಿತಗಳ ನಡುವೆ ಬೆಳೆಸುವ ಪ್ರಯೋಗವನ್ನು 1930ರ ದಶಕದಲ್ಲಿಯೇ ಕೈಗೊಂಡಿದ್ದರು. ಇವರಾರೂ ಮಗುವಿಗೆ ಮಾದರಿ ಕೊಟ್ಟು ನಕಲು ಮಾಡಿಸಿದವರಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಎದುರಾಗುವ ಒಂದು ಗಂಭೀರ ಆಕ್ಷೇಪವನ್ನು ಮುಚ್ಚಿಡುವುದು ಧರ್ಮವಲ್ಲ. ಅದೇ ಊರಿನಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು: “ಮಣ್ಣಾಗಿಂದ ಹೊರಗ ಬರ್ಲಿ ಅಂತ ಸಾಲಿಗಿ ಹಾಕೀವ್ರಿ. ನೀವು ಮತ್ತ ಮಣ್ಣಾಗೇ ಕೂಡಸ್ತೀರಿ?” ಈ ಪ್ರಶ್ನೆಗೆ ನಗರದ ಕಲಾಪ್ರೇಮಿಗಳಲ್ಲಿ ಉತ್ತರವಿಲ್ಲ. ಮಳೆ ಕೈಕೊಟ್ಟ ವರ್ಷ ಹೈದರಾಬಾದ, ಪುಣೆ, ಮುಂಬಯಿಗಳಿಗೆ ಕೂಲಿಗೆ ಹೋಗಿ, ಕಟ್ಟಡದ ಮಣ್ಣು ಹೊತ್ತು ಬರುವ ಕುಟುಂಬಗಳು ಔರಾದದ ಕಡೆಗೆ ಕಡಿಮೆಯಿಲ್ಲ. ಅವರ ಮಕ್ಕಳಿಗೆ ಮಣ್ಣು ರಮ್ಯ ವಸ್ತುವಲ್ಲ; ಅದು ಬೆನ್ನಿನ ನೋವು. ಮಣ್ಣು, ಚರ್ಮ, ಕಟ್ಟಿಗೆಗಳಲ್ಲಿ ದುಡಿದವರನ್ನು ಕೀಳೆಂದು ಎಣಿಸಿದ ಸಮಾಜದ ಪಾಪವೂ ಆ ತಾಯಿಯ ಮಾತಿನ ಹಿಂದಿದೆ. ಎರಡು ದಿನದ ಶಿಬಿರಕ್ಕೆ ಬಂದು ಕೈ ಮಣ್ಣು ಮಾಡಿಕೊಂಡು ಸಂತೋಷಪಡುವುದು ಉಳ್ಳವರ ಮಕ್ಕಳಿಗೆ ವಿನೋದವಾಗಬಹುದು. ಅದನ್ನೇ ಎಲ್ಲರ ಮೇಲೂ ಹೇರಿದರೆ ಅನ್ಯಾಯ.

ಆ ತಾಯಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಇಂದು ವಿನಯದಿಂದ ಇಷ್ಟು ಹೇಳಬಲ್ಲೆ. ಬೇರೊಬ್ಬರು ಹೇಳಿದಲ್ಲಿಗೆ ಹೇಳಿದಷ್ಟು ಮಣ್ಣು ಹೊರುವುದು ಒಂದು. ತನ್ನ ಕಣ್ಣು ಕಂಡ ಎತ್ತನ್ನು ತನ್ನ ಇಚ್ಛೆಯಂತೆ ಮಣ್ಣಿನಲ್ಲಿ ಮಾಡಿ ನಿಲ್ಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮಗು ಕೂಲಿ, ಎರಡನೆಯದರಲ್ಲಿ ಕರ್ತೃ. ಮಣ್ಣನ್ನು ತುಳಿದ ಕುಂಬಾರನ ಮನೆಗೆ ಶಿವನೇ ಬಂದು ಕುಣಿದನೆಂದು ಹಾಡಿದ ನಾಡಿನಲ್ಲಿ, ಆ ಹುಡುಗನ ಮನೆಯವರ ದುಡಿಮೆಗೆ ಶಾಲೆಯ ಅಂಗಳದಲ್ಲಿ ಗೌರವ ಸಿಗಬೇಕಾದ ದಾರಿ ಇದೇ. ಓದು, ಲೆಕ್ಕಗಳ ಸಮಯವನ್ನು ಕಸಿದುಕೊಂಡು ಈ ಕೆಲಸ ನಡೆಯಕೂಡದು. ಅವುಗಳ ಜೊತೆಗೇ ನಡೆಯಬೇಕು. ಎತ್ತಿನ ಬೆನ್ನೇಕೆ ಬಿರಿಯಿತೆಂಬುದು ವಿಜ್ಞಾನದ ಪಾಠ. ಬಂಡಿಯ ಗಾಲಿ ದುಂಡಗಾಗುವುದು ಹೇಗೆಂಬುದು ರೇಖಾಗಣಿತದ ಪಾಠ. ತಾನು ಮಾಡಿದ್ದನ್ನು ತನ್ನ ಮಾತಿನಲ್ಲಿ ಹೇಳುವುದು ಭಾಷೆಯ ಪಾಠ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ತೊಡಗಿ ರಾಜ್ಯಕ್ಕೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿಯು ಆಟದಿಂದ ಪಾಠ ಸಾಧ್ಯವೆಂಬುದನ್ನು ಸರಕಾರಿ ಶಾಲೆಗಳಲ್ಲಿಯೇ ತೋರಿಸಿದೆ.

ಸ್ಪರ್ಧೆಗಳ ವಿಷಯವಾಗಿಯೂ ಒಂದು ಮಾತು. ಶಾಲೆಗಳಲ್ಲಿ ನಡೆಯುವ ‘ಪ್ರತಿಭಾ ಕಾರಂಜಿ’ಯು ಮಣ್ಣಿನ ಮಾದರಿ ತಯಾರಿಕೆಗೂ ರಂಗೋಲಿಗೂ ಸ್ಥಾನ ಕೊಟ್ಟದ್ದು ಸ್ತುತ್ಯ. ಹಳ್ಳಿಯ ಮಗುವಿನ ಕೈಗೆ ಅಲ್ಲಿ ಒಂದು ವೇದಿಕೆ ದೊರೆತಿದೆ. ಆದರೆ ಗಡಿಯಾರ ಹಿಡಿದು, ಒಂದು ಕೋಣೆಯಲ್ಲಿ ಕೂಡಿಸಿ, ಬೇರೆ ಕಡೆಯ ಮಣ್ಣು ಕೊಟ್ಟು ಮಾಡಿಸಿದಾಗ ಕೈಯ ಚಾತುರ್ಯ ತಿಳಿಯುತ್ತದೆ. ಕಣ್ಣಿನ ಪರಿಚಯ ತಿಳಿಯುವುದಿಲ್ಲ. ತೀರ್ಪುಗಾರರಾಗುವ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಅಂಕ ಬರೆಯುವ ಮುನ್ನ ಮಗುವನ್ನು ಒಂದು ಪ್ರಶ್ನೆ ಕೇಳಿರಿ. ‘ಇದನ್ನು ಎಲ್ಲಿ ಕಂಡೆ?’ ಈ ಒಂದು ಪ್ರಶ್ನೆಯನ್ನು ಅಂದು ನಾನು ಕೇಳಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದ ನಮ್ಮಲ್ಲಿ ಅನೇಕರು ಇಂದು ಶಾಲೆಗಳನ್ನು ನಡೆಸುತ್ತಿದ್ದೇವೆ, ಪಾಠ ಹೇಳುತ್ತಿದ್ದೇವೆ, ಮೊಮ್ಮಕ್ಕಳನ್ನು ಬೆಳೆಸುತ್ತಿದ್ದೇವೆ. ನಮಗೆ ಹೆಚ್ಚಿನ ಹಣ, ಹೊಸ ಕಟ್ಟಡ, ವಿಶೇಷ ತರಬೇತಿ ಯಾವುದೂ ಬೇಡ. ಮಳೆಗಾಲದಲ್ಲಿ ಒಂದು ಬುಟ್ಟಿ ಕೆರೆಮಣ್ಣು. ಸುಗ್ಗಿಯ ನಂತರ ಒಂದು ಸಿವುಡು ಜೋಳದ ದಂಟು. ಫಾಲ್ಗುನದಲ್ಲಿ ಉದುರಿದ ಮುತ್ತುಗದ ಹೂವು. ಗಿಡದ ಮೇಲಿನ ಹೂವನ್ನು ಕೀಳುವುದು ಬೇಡ, ಬಿದ್ದದ್ದು ಸಾಕು. ವಾರಕ್ಕೆ ಒಂದು ತಾಸು, ಒಂದು ಮರದ ನೆರಳು. ಊರಿನಲ್ಲಿ ಕುಂಬಾರರ ಮನೆಯಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆ ಹಿರಿಯರನ್ನು ‘ಗುರುಗಳೇ’ ಎಂದು ಕರೆಯಲು ಕಲಿಸುವುದು. ದೊಡ್ಡವರು ಮಾಡಬೇಕಾದ ಕೆಲಸ ಹಾವು, ಮುಳ್ಳು, ಬಿಸಿಲುಗಳ ಬಗೆಗೆ ಎಚ್ಚರ ವಹಿಸುವುದು, ಮಿಕ್ಕಂತೆ ಸುಮ್ಮನಿರುವುದು. ಈ ಎರಡನೆಯದೇ ನಮಗೆ ಕಷ್ಟವಾದದ್ದು. ಮಗು ಮಾಡಿದ ಎತ್ತಿನ ಕಾಲನ್ನು ನಾವೇ ತಿದ್ದಲು ಕೈ ಚಾಚುತ್ತೇವೆ. ಆ ಕೈಯನ್ನು ಹಿಂತೆಗೆದುಕೊಂಡರೆ ಅರ್ಧ ಶಿಕ್ಷಣ ಆದಂತೆಯೇ.

ಕಡೆಯದಾಗಿ ಆ ಎತ್ತಿನ ವಿಚಾರ. ಅದು ಈಗ ಇರಲಾರದು. ಎಂದೋ ಮಳೆಗೆ ಕರಗಿ ಅದೇ ಹೊಲದ ಎರೆಯಲ್ಲಿ ಬೆರೆತಿರಬೇಕು. ಅದಕ್ಕೆ ಅದೇ ಸದ್ಗತಿ. ಆದರೆ ನಾನು ಬರೆದ ಒಂಬತ್ತು ಅಂಕ ಒಂದು ದಾಖಲೆ ಪುಸ್ತಕದಲ್ಲಿ ಇನ್ನೂ ಉಳಿದಿದ್ದೀತು. ಆ ಹುಡುಗ ಈಗ ದೊಡ್ಡವನಾಗಿರುತ್ತಾನೆ. ಎಲ್ಲಿದ್ದಾನೋ, ಕೈಯಲ್ಲಿ ಏನು ಹಿಡಿದಿದ್ದಾನೋ ಅರಿಯೆ. ಈ ಪತ್ರಿಕೆ ಯಾರಾದರೊಬ್ಬರ ಮನೆಯಲ್ಲಿ ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ: ತಮ್ಮಾ, ನಿನ್ನ ಎತ್ತಿನ ಕಾಲು ಮುರಿದಿರಲಿಲ್ಲ. ಅದು ಕುಳಿತಿತ್ತು.